ಸತ್ತ ಮೇಲೆ ಪ್ರಶ್ನೆ

ಕಳೆದ ಸಲ ರಜೆಗೆ ಉಡುಪಿಗೆ ಬಂದಿದ್ದಾಗ ನಮ್ಮ ಮನೆ ಹತ್ತಿರದ ಹುಡುಗನೊಬ್ಬ ತೀರಿಕೊಂಡ. ಇಪ್ಪತ್ನಾಲ್ಕು ವರ್ಷ. ಆತ್ಮಹತ್ಯೆ ಅಂತ ಎಲ್ಲರಿಗೂ ಗೊತ್ತು, ಆದರೆ ಮನೆಯವರು ಹಾರ್ಟ್ ಅಟ್ಯಾಕ್ ಅಂದರು, ನಾವೂ ಹೌದೌದು ಅಂದೆವು. ಅಂಗಳ ತುಂಬ ಜನ. ಯಾರೋ ಗಂಜಿ ತಂದರು, ಯಾರೋ ಶಾಮಿಯಾನ ಹಾಕಿಸಿದರು, ಉತ್ತರಕ್ರಿಯೆಯ ಬೊಜ್ಜದವರೆಗೂ ಆ ತಾಯಿಯನ್ನು ಒಬ್ಬಳೇ ಕೂರಲು ಬಿಡಲಿಲ್ಲ. ನಾನಿರುವ ಮ್ಯಾಂಚೆಸ್ಟರ್‌ನಲ್ಲಿ ಪಕ್ಕದ ಮನೆಯ ಸಾವು ನನಗೆ ಗೊತ್ತಾದದ್ದು ಎರಡು ವಾರ ಕಳೆದು, ಅದೂ ಮನೆ ಮಾರಾಟದ ಬೋರ್ಡು ನೋಡಿ.

ಆಮೇಲೆ ಜೋಯಿಸರಲ್ಲಿ ಪ್ರಶ್ನೆ ಇಡಿಸಿದರಂತೆ, ಯಾವುದೋ ದೋಷ ಕಂಡುಬಂತಂತೆ. ತಮಾಷೆ ಮಾಡುವುದಿಲ್ಲ, ಮಗನನ್ನು ಕಳೆದುಕೊಂಡವರು ಉತ್ತರ ಹುಡುಕಿಕೊಂಡು ಎಲ್ಲಿಗೆ ಬೇಕಾದರೂ ಹೋಗುತ್ತಾರೆ. ಆದರೆ ಆ ಹುಡುಗ ಕ್ರಿಕೆಟ್ಟಿಗೂ ಬಾರದೆ, ಊರಿನ ಭೂತಕೋಲಕ್ಕೂ ಬಾರದೆ ಆರು ತಿಂಗಳು ಕೋಣೆಯಲ್ಲೇ ಕೂತಿದ್ದಾಗ ನಾವು ಕೇಳಿದ್ದು ಒಂದೇ: "ಕೆಲಸ ಆಯ್ತಾ?"

ಇಂಗ್ಲೆಂಡಿನವರೂ ಮೊದಲಿನಿಂದ ಭಾರೀ ಬುದ್ಧಿವಂತರೇನಲ್ಲ. ಅಲ್ಲಿ 1961ರವರೆಗೆ ಆತ್ಮಹತ್ಯೆಗೆ ಪ್ರಯತ್ನಿಸುವುದು ಅಪರಾಧವಾಗಿತ್ತು. ಹಾಗಿದ್ದೂ 1953ರಲ್ಲೇ ಚಾಡ್ ವಾರಾ ಎಂಬ ಪಾದ್ರಿ ಲಂಡನ್ನಿನ ಇಗರ್ಜಿಯಲ್ಲಿ ಫೋನ್ ಇಟ್ಟುಕೊಂಡು ಕೂತರು. ಸಂಕಟದಲ್ಲಿರುವವರ ಮಾತು ಕೇಳುವ ಸಮಾರಿಟನ್ಸ್ ಎಂಬ ಸಂಸ್ಥೆ ಶುರುವಾದದ್ದು ಹಾಗೆ. ಈಗ ರೈಲ್ವೆ ಸ್ಟೇಷನ್ನಿನಲ್ಲೂ ಅವರ ಬೋರ್ಡು, 116 123, ಕಾಸಿಲ್ಲದ ಕರೆ. ಒಂದು ಚಳಿಗಾಲ ನಿದ್ದೆ ಬರುತ್ತಿಲ್ಲ ಅಂತ ಹೋದ ನನಗೆ ಡಾಕ್ಟರು, ಬಿಪಿ ಉಂಟಾ ಅಂತ ಕೇಳುವಷ್ಟು ಸಲೀಸಾಗಿ, "ಸಾಯಬೇಕು ಅನ್ನಿಸುತ್ತದಾ?" ಅಂತ ಕೇಳಿದರು. ಮೊದಲು ಸಿಟ್ಟು ಬಂತು. ಬಸ್ಸಿನಲ್ಲಿ ಮನೆಗೆ ಬರುವಾಗ ಯಾಕೋ ಹಗುರವಾಯಿತು.

ಇದನ್ನು ಅಮ್ಮನಿಗೆ ಹೇಳಿದೆ. "ಅಂಥದ್ದೆಲ್ಲ ಬಾಯಲ್ಲಿ ಬರಬಾರದು ಮಾರಾಯ, ಕೇಳಿದರೆ ಇಲ್ಲದವನಿಗೂ ಹೊಳೆದೀತು" ಅಂದರು. ನಮ್ಮಲ್ಲಿ ಜಾಸ್ತಿ ಜನರ ನಂಬಿಕೆ ಇದೇ, ಆದರೆ ಇದು ತಪ್ಪು. ಕೇಳಿದ್ದರಿಂದ ಯಾರ ತಲೆಗೂ ಆ ಯೋಚನೆ ಹೊಸದಾಗಿ ಬರುವುದಿಲ್ಲ ಅಂತ ಎಷ್ಟೋ ಅಧ್ಯಯನಗಳು ತೋರಿಸಿವೆ. ಬದಲಿಗೆ ಒಳಗೇ ಬೇಯುತ್ತಿದ್ದವನಿಗೆ ಮಾತಾಡಲು ಒಂದು ದಾರಿ ಸಿಗುತ್ತದೆ.

ಪೊಲೀಸ್ ಕೇಸಾಗುತ್ತದೆ ಅಂತ ಮುಚ್ಚಿಡುವವರೂ ಇದ್ದಾರೆ. ಬದುಕಿ ಉಳಿದವನಿಗೆ ಶಿಕ್ಷೆಯಲ್ಲ, ಆರೈಕೆ ಕೊಡಬೇಕು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ಹೇಳುತ್ತದೆ, ಆತ್ಮಹತ್ಯೆಯ ಪ್ರಯತ್ನಕ್ಕೆ ಶಿಕ್ಷೆ ಹೇಳುತ್ತಿದ್ದ ಹಳೇ ದಂಡಸಂಹಿತೆಯ 309ನೇ ಕಲಮು 2024ರ ಜುಲೈಯಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇಲ್ಲ. ಫೋನಿಗೆ ಇಂಗ್ಲೆಂಡೇ ಬೇಕೆಂದೇನೂ ಇಲ್ಲ, 2022ರಿಂದ ಸರಕಾರದ್ದೇ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಉಂಟು, 14416, ಹಗಲೂ ರಾತ್ರಿ, ಕನ್ನಡದಲ್ಲೇ. ನಮ್ಮೂರಿನ ಬಸ್ ಸ್ಟ್ಯಾಂಡಿನಲ್ಲಿ ಆ ನಂಬರು ನನ್ನ ಕಣ್ಣಿಗೆ ಬೀಳಲಿಲ್ಲ. ಚಿನ್ನದಂಗಡಿಯ ಬೋರ್ಡು ಹನ್ನೊಂದು ಇದ್ದವು, ಸುಮ್ನೆ ಎಣಿಸಿದೆ.

ವಾಪಸು ಬಂದ ಮೇಲೆ, ಮಂಗಳೂರಿನಲ್ಲಿ ಇಂಜಿನಿಯರಿಂಗ್ ಓದುವ ಅಕ್ಕನ ಮಗನಿಗೆ ಫೋನ್ ಮಾಡಿದೆ. ಸ್ವಲ್ಪ ದಿನದಿಂದ ಮಂಕಾಗಿದ್ದ. ನೇರವಾಗಿ ಕೇಳಿಯೇ ಬಿಟ್ಟೆ. "ಎಂತ ಮಾವ, ನಿಮಗೆ ಮರುಳಾ?" ಅಂತ ನಕ್ಕ. ನಾನು ಫೋನ್ ಇಡಲಿಲ್ಲ. ಆಮೇಲೆ ಒಂದು ಗಂಟೆ ಮಾತಾಡಿದ. ಮೂರು ಸಬ್ಜೆಕ್ಟ್ ಫೇಲಾಗಿದೆಯಂತೆ, ಅಕ್ಕನಿಗೆ ಇನ್ನೂ ಹೇಳಿಲ್ಲವಂತೆ.