ಅವನನ್ನು ಹುಚ್ಚ ಅಂದು ಬಿಟ್ಟುಬಿಡಬೇಡಿ

ನಮ್ಮ ಕಲಬುರಗಿ ಧಗೆಗೆ ಕೆಳಗೆ ಕೂರಲಾಗದೆ ನಿನ್ನೆ ರಾತ್ರಿ ಮಾಳಿಗೆ ಮೇಲೆ ಚಾಪೆ ಹಾಸಿದ್ದೆವು. ಅಣ್ಣನ ಮಗಳು ಬಿ.ಎ. ಪರೀಕ್ಷೆಗೆಂದು ಅಮೆರಿಕದ ಕಥೆಗಾರ ಎಡ್ಗರ್ ಅಲನ್ ಪೋನ ‘ದ ಟೆಲ್-ಟೇಲ್ ಹಾರ್ಟ್’ ಕಥೆ ಓದುತ್ತಿದ್ದಳು. ಕಥೆ ಹೇಳುವವನು ಆ ಮುದುಕನನ್ನು ಯಾಕೆ ಕೊಂದ ಅಂತ ಕೇಳಿದೆ. “ಅಂವ ಹುಚ್ಚ ಅದಾನಲ್ರಿ ಕಾಕಾ, ಗೈಡಿನ್ಯಾಗ ಹಂಗೇ ಕೊಟ್ಟಾರ” ಅಂದಳು. ಆ ಉತ್ತರ ನನಗೆ ನಿದ್ದೆ ಕೊಡಲಿಲ್ಲ.

1843ರಲ್ಲಿ ಅಚ್ಚಾದ ನಾಲ್ಕೈದು ಪುಟದ ಕಥೆ. ಮುದುಕನ ದುಡ್ಡಿನ ಆಸೆ ಇರಲಿಲ್ಲ, ಅವನಿಂದ ಅವಮಾನವಾಗಿರಲಿಲ್ಲ, ಅವನ ಮೇಲೆ ಪ್ರೀತಿಯೇ ಇತ್ತು ಎಂದು ಕೊಂದವನೇ ಹೇಳುತ್ತಾನೆ. ತೊಂದರೆ ಕೊಟ್ಟದ್ದು ಒಂದು ಕಣ್ಣು: ತಿಳಿನೀಲಿ, ಪೊರೆ ಕಟ್ಟಿದ್ದು, ರಣಹದ್ದಿನದರಂಥದ್ದು. ನಮ್ಮ ಕಡೆಯವರಿಗೆ ಇದು ಥಟ್ಟನೆ ತಿಳಿಯುತ್ತದೆ, ನೆದರು, ಅಂದರೆ ಕೆಟ್ಟ ದೃಷ್ಟಿ. ಆದರೆ ನಮ್ಮಲ್ಲಿ ಕೂಸಿಗೆ ನೆದರಾದರೆ ಉಪ್ಪು, ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕುತ್ತೇವೆ, ಅಲ್ಲಿಗೆ ಮುಗಿಯಿತು.

ಇವನು ಏಳು ರಾತ್ರಿ ಬಾಗಿಲು ಸರಿಸಿ, ಕಂದೀಲಿನಿಂದ ಒಂದೇ ಎಳೆ ಬೆಳಕು ಬಿಡುತ್ತಾನೆ. ಕಣ್ಣು ಮುಚ್ಚಿರುತ್ತದೆ, ಕೈ ಏಳುವುದಿಲ್ಲ. ಕಣ್ಣು ಮುಚ್ಚಿದ್ದಾಗ ಅಲ್ಲಿ ಮಲಗಿರುವವನು ತನ್ನ ಪ್ರೀತಿಯ ಮುದುಕ. ತೆರೆದಾಗ ಅದು ಬರೀ ಕಣ್ಣು. ಹೆಣವನ್ನು ತುಂಡು ಮಾಡುವುದು ಆಮೇಲಿನ ಮಾತು, ಮನಸ್ಸಿನಲ್ಲಿ ತುಂಡು ಮಾಡಿ ಆಗಲೇ ವಾರವಾಗಿತ್ತು.

ಎಂಟನೆಯ ರಾತ್ರಿ ಹೆಬ್ಬೆರಳು ಜಾರಿ ಕಂದೀಲು ಸದ್ದಾಗುತ್ತದೆ. ಮುದುಕ ಎದ್ದು ಕತ್ತಲಲ್ಲಿ ಕೂತೇ ಇರುತ್ತಾನೆ. ಕೊನೆಗೊಮ್ಮೆ ಸಣ್ಣಗೆ ನರಳುತ್ತಾನೆ. ಆ ನರಳಿಕೆ ನನಗೆ ಚೆನ್ನಾಗಿ ಗೊತ್ತು, ಎಷ್ಟೋ ನಡುರಾತ್ರಿ ನನ್ನ ಎದೆಯಿಂದಲೇ ಎದ್ದಿದೆ ಎನ್ನುತ್ತಾನೆ ಇವನು. ನನಗೆ ಇಡೀ ಕಥೆ ಇಲ್ಲಿದೆ. ಮುದುಕನ ಭಯ ಇವನಿಗೆ ಒಳಗಿನಿಂದ ಗೊತ್ತು. ಮರುಕವೂ ಇದೆ. ಆದರೂ ಒಳಗೊಳಗೇ ನಗುತ್ತಾನೆ, ಕೊಲ್ಲುತ್ತಾನೆ. ಗೋಡೆಯೊಳಗಿನ ಹುಳುವಿನ ಟಕ್ ಟಕ್ ಸದ್ದನ್ನು ಎಷ್ಟೋ ರಾತ್ರಿ ಕೇಳುತ್ತಿದ್ದೆ ಅಂತಲೂ ಹೇಳುತ್ತಾನೆ. ಮರ ಕೊರೆಯುವ ಆ ಹುಳುವಿನ ಸದ್ದು ಯುರೋಪಿನವರಿಗೆ ಸಾವಿನ ಶಕುನ, ನಮಗೆ ಹಲ್ಲಿ ಲೊಚಗುಟ್ಟಿದ ಹಾಗೆ. ಮುದುಕನ ಎದೆಬಡಿತವೂ ಅವನಿಗೆ ಹತ್ತಿಯಲ್ಲಿ ಸುತ್ತಿದ ಗಡಿಯಾರದಂತೆ ಕೇಳಿಸುತ್ತದೆ. ಪೊರೆ ಕಟ್ಟಿದ ಆ ಕಣ್ಣಿನಲ್ಲಿ ಅವನು ಕಂಡದ್ದು ತನಗೂ ಬರಲಿರುವ ಮುಪ್ಪು, ಸಾವು ಅಂತ ನನ್ನ ನಂಬಿಕೆ. ಇಂಗ್ಲಿಷಿನಲ್ಲಿ ಕಣ್ಣಿಗೂ ‘ಐ’, ನಾನು ಎನ್ನುವುದಕ್ಕೂ ‘ಐ’. ಕಿವಿಗೆ ಎರಡೂ ಒಂದೇ.

ಕೊನೆಗೆ ಮೂವರು ಪೊಲೀಸರು ಬರುತ್ತಾರೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತೀವಲ್ಲ, ಇಲ್ಲಿ ಯಾರೂ ಕಳ್ಳ ಅಂದೇ ಇಲ್ಲ. ಹೆಣ ಬಚ್ಚಿಟ್ಟ ನೆಲದ ಹಲಗೆಗಳ ಮೇಲೇ ಕುರ್ಚಿ ಹಾಕಿ ಕೂತವನು ತಾನಾಗಿ ಕಿರುಚಿ ಒಪ್ಪಿಕೊಳ್ಳುತ್ತಾನೆ. ಇದು ಪಶ್ಚಾತ್ತಾಪ ಅನ್ನುವವರಿದ್ದಾರೆ. ನಾನು ಒಪ್ಪಲಾರೆ. ಕಥೆಯುದ್ದಕ್ಕೂ ‘ತಪ್ಪು ಮಾಡಿದೆ’ ಎಂಬ ಒಂದು ಮಾತಿಲ್ಲ. ಹಲಗೆಯಡಿಯಿಂದ ತನಗೆ ಕೇಳಿಸುವ ಮುದುಕನ ಎದೆಬಡಿತ ಪೊಲೀಸರಿಗೂ ಕೇಳುತ್ತಿದೆ, ಕೇಳಿಯೂ ನನ್ನನ್ನು ಆಡಿಕೊಳ್ಳುತ್ತಿದ್ದಾರೆ ಅಂದುಕೊಳ್ಳುತ್ತಾನೆ. ಅದನ್ನು ಸಹಿಸಲಾರ. ನಮಗೆ ಕಥೆ ಹೇಳುವುದೂ ಅದಕ್ಕೇ, ಎಷ್ಟು ಜಾಣತನದಿಂದ ಮಾಡಿದೆ ನೋಡಿ ಅನ್ನುವುದಕ್ಕೆ. ಹುಚ್ಚ ಅಂತ ಬರೆದು ಪುಸ್ತಕ ಮುಚ್ಚಿದರೆ ಆ ನರಳಿಕೆಯ ಬಗ್ಗೆ ನಾವು ಯೋಚಿಸಬೇಕಾಗಿಯೇ ಇಲ್ಲ.

“ಪರೀಕ್ಷಾದಾಗ ಏನ್ ಬರೀಲಿ ಹಂಗಾದ್ರ?” ಅಂತ ಬೆಳಿಗ್ಗೆ ಕೇಳಿದಳು. ಹುಚ್ಚ ಅಂತ ಬೇಕಾದ್ರ ಬರಿಯವ್ವ, ಆದ್ರ ಆ ನರಳಿಕಿ ಸಾಲು ಬಿಟ್ಟು ಬರೀಬ್ಯಾಡ ಅಂದೆ.