ಗಾಡಿಯ ಕೆಳಗೆ ಮಲಗಿ ನೋಡುವವರು ಯಾರೂ ಇಲ್ಲವೇ?

ಕೋಲಾರದಿಂದ ಟೊಮೆಟೊ ಹೊತ್ತು ಬರುವ ನನ್ನ ಪಿಕಪ್ 60 ಕಿಲೋಮೀಟರ್ ವೇಗ ದಾಟಿದರೆ ಸಾಕು, ಸೀಟಿನ ಅಡಿಯಿಂದ ನಡುಕ ಏಳುತ್ತಿತ್ತು. ಗ್ಯಾರೇಜಿನವರು ಮೊದಲು ವ್ಹೀಲ್ ಬ್ಯಾಲೆನ್ಸಿಂಗ್ ಮಾಡಿದರು. ಹೋಗಲಿಲ್ಲ. ಅಲೈನ್‌ಮೆಂಟ್ ಮಾಡಿದರು. ಹೋಗಲಿಲ್ಲ. ಮುಂದಿನ ಟೈರ್ ಬದಲಿಸಿ ಎಂದರು, ಬದಲಿಸಿದೆ. ಆಮೇಲೆ ಎಂಜಿನ್ ಮೌಂಟಿಂಗ್, ಅಂದರೆ ಎಂಜಿನ್ ಕೂರುವ ರಬ್ಬರ್ ಆಸರೆ. ಪ್ರತಿ ಸಲವೂ ಬಿಲ್ಲು, ಪ್ರತಿ ಸಲವೂ "ಇನ್ನು ಸರಿಹೋಗುತ್ತದೆ ಅಣ್ಣಾ" ಎಂಬ ಮಾತು.

ತೊಂದರೆ ಎಲ್ಲಿದೆ ಎಂದು ಗಾಡಿಯೇ ಹೇಳುತ್ತಿತ್ತಲ್ಲ! ಮುಂದಿನ ಚಕ್ರದ ದೋಷವಾಗಿದ್ದರೆ ಸ್ಟೀರಿಂಗ್ ಅದುರಬೇಕಿತ್ತು, ಅದುರುತ್ತಿರಲಿಲ್ಲ. ನಿಂತಲ್ಲೇ ಎಂಜಿನ್ ಎಷ್ಟು ರೇಸ್ ಮಾಡಿದರೂ ನಡುಕವಿಲ್ಲ. ಓಡುವಾಗ ನ್ಯೂಟ್ರಲ್‌ಗೆ ತಂದರೆ ಎಂಜಿನ್ ಸದ್ದು ತಗ್ಗುತ್ತಿತ್ತು, ನಡುಕ ಮಾತ್ರ ಹಾಗೇ ಇರುತ್ತಿತ್ತು. ಹಾಗಿರುವಾಗ ಎಂಜಿನ್ ಮೌಂಟಿಂಗ್ ಬದಲಿಸಿದ್ದೇಕೆ? ರಿವರ್ಸ್ ಹಾಕಿ ಕ್ಲಚ್ ಬಿಟ್ಟರೆ ಕೆಳಗೆ ಟಣ್ ಎನ್ನುತ್ತದೆ ಎಂದೂ ಬಿಡಿಸಿ ಹೇಳಿದ್ದೆ. "ಹಳೆಯ ಗಾಡಿ ಅಲ್ಲವೇ ಅಣ್ಣಾ, ಸದ್ದು ಇದ್ದದ್ದೇ" ಎಂದು ಮುಂದಿನ ಗಾಡಿಯ ಕಡೆ ತಿರುಗಿದರು.

ಕೊನೆಗೆ ನಾನೇ ಚಕ್ರಗಳಿಗೆ ಕಲ್ಲು ಕೊಟ್ಟು, ಗೇರ್ ತೆಗೆದು, ಕೆಳಗೆ ಮಲಗಿ, ಎಂಜಿನ್ ಬಲವನ್ನು ಹಿಂದಿನ ಚಕ್ರಗಳ ಕಡೆ ಒಯ್ಯುವ ಉದ್ದನೆಯ ಪ್ರೊಪೆಲ್ಲರ್ ಶಾಫ್ಟನ್ನು ಕೈಯಲ್ಲಿ ತಿರುಚಿ ಅಲುಗಾಡಿಸಿದೆ. ಡಿಫರೆನ್ಷಿಯಲ್ (ಹಿಂದಿನ ಚಕ್ರಗಳ ನಡುವಿನ ಗೇರ್ ಗುಂಡು) ಕಡೆಯ ಜಾಯಿಂಟ್ ಕ್ರಾಸ್, ಅಂದರೆ ಶಾಫ್ಟ್ ಓರೆಯಲ್ಲೂ ತಿರುಗುವಂತೆ ಕೂಡಿಸುವ ಶಿಲುಬೆಯಾಕಾರದ ಕೊಂಡಿ, ಲೊಡಲೊಡ ಎನ್ನುತ್ತಿತ್ತು. ಬೇರಿಂಗ್ ಕಪ್ಪಿನ ಸುತ್ತ ಕೆಂಪು ತುಕ್ಕಿನ ಪುಡಿ. ಒಳಗಿನ ಸೂಜಿ ಬೇರಿಂಗುಗಳು ಗ್ರೀಸ್ ಕಾಣದೆ ಒಣಗಿ ಸವೆದಾಗ ಬರುವ ಪುಡಿ ಅದು. ಪ್ರತಿ ಸರ್ವೀಸ್ ಬಿಲ್ಲಿನಲ್ಲೂ ಗ್ರೀಸಿಂಗ್ ಎಂದು ಹಣ ಕಿತ್ತವರು ಅಲ್ಲಿ ಗ್ರೀಸ್ ತುಂಬುವ ನಿಪ್ಪಲ್ಲಿಗೆ ಗ್ರೀಸ್ ಗನ್ ಹಿಡಿದೇ ಇರಲಿಲ್ಲ. ಇದು ಮೋಸ, ಬೇರೆ ಹೆಸರಿಲ್ಲ.

ಜೀವದ ಪ್ರಶ್ನೆಯೂ ಇದೆ. ಹೆದ್ದಾರಿಯಲ್ಲಿ ಕ್ರಾಸ್ ಮುರಿದು ಶಾಫ್ಟ್ ಕಳಚಿಬಿದ್ದರೆ, ಅದರಲ್ಲೂ ಮುಂದಿನ ತುದಿ ರಸ್ತೆಗೆ ನಾಟಿದರೆ, ಲೋಡು ತುಂಬಿದ ಗಾಡಿ ಯಾರ ಹಿಡಿತಕ್ಕೂ ಸಿಗುವುದಿಲ್ಲ. ಪಕ್ಕದಲ್ಲಿ ಕೂತು ಬರುವ ಹುಡುಗನ ಮನೆಯವರಿಗೆ ಆಗ ಯಾರು ಉತ್ತರ ಕೊಡುತ್ತಾರೆ?

ತೋರಿಸಿದ ಮೇಲೆ ಕ್ರಾಸ್ ಬದಲಿಸಿದರು. ಅದನ್ನಾದರೂ ನೆಟ್ಟಗೆ ಮಾಡಿದರೇ? ಶಾಫ್ಟ್ ಬಿಚ್ಚುವ ಮೊದಲು ಗುರುತು ಹಾಕಿಕೊಳ್ಳಿ ಎಂದು ಗೋಗರೆದಿದ್ದೆ. ಓರೆಯಲ್ಲಿ ತಿರುಗುವ ಕ್ರಾಸ್ ಒಂದು ಸುತ್ತಿಗೆ ಎರಡು ಸಲ ಶಾಫ್ಟಿನ ವೇಗವನ್ನು ಏರಿಸಿ ಇಳಿಸುತ್ತದೆ. ಶಾಫ್ಟಿನ ಎರಡೂ ತುದಿಯಲ್ಲಿ ಕ್ರಾಸ್ ಹಿಡಿದಿರುವ ಕವಲುಗಳು, ಅಂದರೆ ಯೋಕ್‌ಗಳು, ಒಂದೇ ನೇರದಲ್ಲಿದ್ದರೆ ಮಾತ್ರ ಇನ್ನೊಂದು ಕ್ರಾಸ್ ಆ ಏರಿಳಿತವನ್ನು ಕಳೆಯುತ್ತದೆ. ಇವರು ಗುರುತು ಹಾಕದೆ ಶಾಫ್ಟಿನ ಎರಡು ಭಾಗಗಳನ್ನು ಎಳೆದು ಬಿಡಿಸಿ, ಅವು ಕೂಡುವ ಹಲ್ಲು ತಪ್ಪಿಸಿ ಕೂರಿಸಿದ್ದಾರೆ. ಟಣ್ ಸದ್ದು ಹೋಗಿದೆ, ಈಗ 40ಕ್ಕೇ ಗಾಡಿ ನಡುಗುತ್ತಿದೆ. ಮತ್ತೆ ಬಿಚ್ಚಿ ಕೂರಿಸಲು ಹೊಸದಾಗಿ ಕೂಲಿ ಕೇಳುತ್ತಿದ್ದಾರೆ. ಒಂದು ರೂಪಾಯಿಯನ್ನೂ ಕೊಡುವುದಿಲ್ಲ.