ನಾಲ್ಕು ಗಂಟೆ ದಾಟಿದರೆ ಡಾಕ್ಟರ ಸಂಬಳ ಕಟ್? ಹಾಗೇನಿಲ್ಲ

'ಇಂಗ್ಲೆಂಡಿನಲ್ಲಿ ತುರ್ತು ವಿಭಾಗಕ್ಕೆ ಬಂದವರನ್ನು 4 ಗಂಟೆಯೊಳಗೆ ನೋಡದಿದ್ದರೆ ಡಾಕ್ಟರ ಸಂಬಳ ಕತ್ತರಿಸುತ್ತಾರೆ' ಎಂಬ ಮೆಸೇಜು ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ನಮ್ಮ ಕಡೆಯ ಡಾಕ್ಟರು, ನರ್ಸುಗಳು ಅಲ್ಲಿ ತುಂಬಾ ಜನ ಇದ್ದಾರೆ, ಹಾಗಾಗಿ ಹೇಳಬೇಕಾಯಿತು.

4 ಗಂಟೆಯ ಗುರಿ ಇರುವುದು ನಿಜ. ಆದರೆ ಅದು ಆಸ್ಪತ್ರೆಗೆ ಇರುವ ಗುರಿ, ಒಬ್ಬೊಬ್ಬ ಡಾಕ್ಟರಿಗಲ್ಲ. ಸುಮ್ನೆ 'ನೋಡಿದರೆ' ಸಾಲದು. ರೋಗಿಯನ್ನು ಅಡ್ಮಿಟ್ ಮಾಡಿರಬೇಕು, ಬೇರೆಡೆಗೆ ಕಳಿಸಿರಬೇಕು, ಇಲ್ಲವೇ ಮನೆಗೆ ಬಿಟ್ಟಿರಬೇಕು. ಮೊದಲು 98% ರೋಗಿಗಳಿಗೆ 4 ಗಂಟೆಯೊಳಗೆ ಹೀಗಾಗಬೇಕು ಎಂದಿದ್ದ ಗುರಿಯನ್ನು 2010ರಲ್ಲಿ 95%ಕ್ಕೆ ಇಳಿಸಿದರು. 2015ರ ನಂತರ ದೇಶದ ಲೆಕ್ಕದಲ್ಲಿ ಅದನ್ನೂ ಮುಟ್ಟಿಲ್ಲ. ಮೆಸೇಜು ನಿಜವಾಗಿದ್ದರೆ ಅಲ್ಲಿ ಯಾರಿಗೂ ಪೂರ್ತಿ ಸಂಬಳ ಸಿಗುತ್ತಿರಲಿಲ್ಲ, ಅಲ್ವಾ?

ಡಾಕ್ಟರ ವಾರ್ಷಿಕ ಅಪ್ರೈಸಲ್ ಬೇರೆಯೇ. ಅಲ್ಲಿ ಗಡಿಯಾರ ನೋಡುವುದಿಲ್ಲ. ಹೊಸದಾಗಿ ಏನು ಕಲಿತರು, ಎಡವಟ್ಟಾದಾಗ ಏನು ಮಾಡಿದರು, ರೋಗಿಗಳು ಮತ್ತು ಜೊತೆಯವರು ಏನಂದರು ಎನ್ನುವುದೇ ಮುಖ್ಯ. ಸಾಮಾನ್ಯವಾಗಿ 5 ವರ್ಷಕ್ಕೊಮ್ಮೆ ಇದರ ಆಧಾರದ ಮೇಲೆ ಲೈಸೆನ್ಸ್ ಮುಂದುವರಿಯುತ್ತದೆ. ಈ ಪದ್ಧತಿ 2012ರ ಡಿಸೆಂಬರ್‌ನಲ್ಲಿ ಶುರುವಾಯಿತು.

ಗುರಿಯ ಒತ್ತಡ ಸುಳ್ಳೇನಲ್ಲ. ಗಡುವು ಮುಗಿಯುವ ಕೊನೇ ನಿಮಿಷಗಳಲ್ಲೇ ಅಡ್ಮಿಷನ್ನುಗಳು ಜಾಸ್ತಿಯಾಗುವುದು ಅಲ್ಲಿನ ಅಂಕಿಅಂಶಗಳಲ್ಲೇ ಕಂಡಿದೆ.